ಕಿವಿರಿಗೆ ಹುಳ ಬಿದ್ದರೆ ಉಪ್ಪೋ, ಪರ್ಮಾಂಗನೇಟೋ, ಫಾರ್ಮಾಲಿನ್ನೋ?

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಬಹುಮಟ್ಟಿಗೆ ಆಮ್ಲಜನಕದ ಕೊರತೆ. ನೀರಿಗೆ ಗಾಳಿ ಕೊಡುವ ಏರಿಯೇಟರ್ ಹಾಕಿದರೆ, ಬಿಸಿಲೇರಿದರೆ ಸರಿಹೋಗುತ್ತದೆ. ಮಟಮಟ ಮಧ್ಯಾಹ್ನವೂ ಹಾಗೇ ಮಾಡುತ್ತಿದ್ದರೆ ಕಿವಿರು ನೋಡಬೇಕು. ನೀರಲ್ಲಿ ಆಮ್ಲಜನಕ ಇದೆ, ಆದರೆ ಮೀನಿಗೆ ಅದನ್ನು ಎಳೆದುಕೊಳ್ಳಲು ಆಗುತ್ತಿಲ್ಲ ಎಂದು ಅರ್ಥ.

ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ತಡವಾಗಿ. ಸಿಂಧನೂರಿನ ಹತ್ತಿರ ನನ್ನವು ಎರಡು ಹೊಂಡ, ಒಂದೊಂದು ಎಕರೆ. ಕಾಟ್ಲಾ, ರೋಹು, ಸ್ವಲ್ಪ ಮೃಗಾಲ್. ಒಂದು ದಿನ ಹೊಂಡ ಕಾಯುವ ಹುಡುಗ ಫೋನ್ ಮಾಡಿ, "ಅಣ್ಣಾ, ಬಿಸಿಲೇರಿದ್ರೂ ಮೀನು ಮ್ಯಾಲೇ ಅದಾವು ನೋಡ್ರಿ, ತೂಬಿನ ಕಡೆ ಗುಂಪು ಕಟ್ಯಾವು" ಅಂದ. ನಾನು ಹೊಂಡಕ್ಕೆ ಹೋಗಲಿಲ್ಲ, ಸೀದಾ ಅಂಗಡಿಗೆ ಹೋದೆ. ಅಂಗಡಿಯವರು ಫಾರ್ಮಾಲಿನ್, ಅಂದರೆ ಫಾರ್ಮಾಲ್ಡಿಹೈಡ್ ಕರಗಿಸಿದ ನೀರಿನ ಕ್ಯಾನ್ ಕೊಟ್ಟರು. ಸಂಜೆ ಸುರಿದೆ. ಮರುದಿನ ಸೂರ್ಯ ಹುಟ್ಟುವ ಮೊದಲೇ ದಡದ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಅದು ಯಾಕೆ ಹಾಗಾಯಿತು ಎಂಬ ಲೆಕ್ಕ ಮುಂದೆ ಹೇಳುತ್ತೇನೆ. ಈಗ ಯಾರಾದರೂ "ಕಿವಿರು ರೋಗಕ್ಕೆ ಯಾವ ಮದ್ದು ಒಳ್ಳೇದು?" ಅಂತ ಕೇಳಿದರೆ ನಾನು ಮದ್ದಿನ ಹೆಸರು ಹೇಳುವುದಿಲ್ಲ. ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಕಿವಿರಲ್ಲಿ ಏನು ಕಂಡಿತು? ಮೀನು ಈಗ ಟಬ್ಬಿನಲ್ಲಿದೆಯೋ ಹೊಂಡದಲ್ಲಿದೆಯೋ?

ಸಾಲ್ಮನ್ ಸಾಕುವವರಿಂದ ಕಲಿಯಬೇಕಾದದ್ದು

ನಮ್ಮಲ್ಲಿ ಸಾಲ್ಮನ್ ಇಲ್ಲ, ಬೇಡವೂ ಬೇಡ. ಅದು ತಣ್ಣೀರಿನ ಮೀನು, ರಾಯಚೂರಿನ ಮೇ ತಿಂಗಳ ಹೊಂಡಕ್ಕೆ ಬಿಟ್ಟರೆ ಸಾರಿಗೆ ಸಿದ್ಧವಾಗುತ್ತದೆ ಅಷ್ಟೆ. ಆದರೆ ಕಿವಿರು ರೋಗದ ವಿಷಯದಲ್ಲಿ ಅವರ ಲೆಕ್ಕಾಚಾರ ನನಗೆ ತುಂಬ ಹಿಡಿಸಿತು.

ಸಮುದ್ರದ ಪಂಜರಗಳಲ್ಲಿ ಸಾಕುವ ಸಾಲ್ಮನ್‌ಗೆ ಅಮೀಬಾ ಕಿವಿರು ರೋಗ ಅಂತ ಒಂದಿದೆ. ನಿಯೋಪ್ಯಾರಮೀಬಾ ಪೆರುರಾನ್ಸ್ ಎಂಬ ಅಮೀಬಾ ಕಿವಿರಿಗೆ ಅಂಟಿಕೊಳ್ಳುತ್ತದೆ. ಕಿವಿರು ಲೋಳೆ ಸುರಿಸುತ್ತದೆ, ಎಸಳುಗಳು ದಪ್ಪಗಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಉಸಿರಾಟದ ಜಾಗವೇ ಕಡಿಮೆಯಾಗುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಮೊದಲು ದೊಡ್ಡ ತಲೆನೋವಾಯಿತು. ಆಮೇಲೆ ಸ್ಕಾಟ್ಲೆಂಡ್, ನಾರ್ವೆ ಕಡೆಗೂ ಬಂತು. ಅವರ ಮುಖ್ಯ ಮದ್ದು ಏನು ಗೊತ್ತೇ? ಸಿಹಿನೀರು. ಮೀನನ್ನು ಎರಡರಿಂದ ನಾಲ್ಕು ಗಂಟೆ ಸಿಹಿನೀರಿನಲ್ಲಿ ಇಡುತ್ತಾರೆ. ಅಮೀಬಾ ಉಪ್ಪುನೀರಿನದು, ಸಿಹಿನೀರು ತಡೆಯುವುದಿಲ್ಲ. ಸಾಲ್ಮನ್ ಹುಟ್ಟುವುದೇ ನದಿಯಲ್ಲಿ, ಅದಕ್ಕೆ ಎರಡೂ ನಡೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬಳಸುತ್ತಾರೆ, ಆದರೆ ನೀರು ಬೆಚ್ಚಗಾದಷ್ಟೂ ಅದು ಮೀನಿಗೇ ಕುತ್ತು.

ನಮ್ಮದು ಇದರ ತಿರುಗಾಮುರುಗಾ. ಸಿಹಿನೀರಿನ ಮೀನು, ಸಿಹಿನೀರಿನ ಹುಳ. ಹಾಗಾಗಿ ನಮ್ಮ ಮದ್ದು ಉಪ್ಪು. ತತ್ವ ಒಂದೇ: ಮೀನು ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲದ್ದನ್ನು ಹುಳ ತಡೆದುಕೊಳ್ಳಬಾರದು. ಆದರೆ ರೋಹು ಸಾಲ್ಮನ್ ಅಲ್ಲ. ಸಾಲ್ಮನ್‌ಗೆ ಗಂಟೆಗಟ್ಟಲೆ ಸಿಗುವ ಅವಕಾಶ ಗಟ್ಟಿ ಉಪ್ಪುನೀರಿನಲ್ಲಿ ನಮ್ಮ ಮೀನಿಗೆ ನಿಮಿಷಗಳ ಲೆಕ್ಕದಲ್ಲಿ ಸಿಗುತ್ತದೆ.

ಅವರಿಂದ ಕದಿಯಬೇಕಾದ ಇನ್ನೊಂದು ಅಭ್ಯಾಸ ಕಿವಿರಿಗೆ ಅಂಕ ಕೊಡುವುದು. ಸ್ವಚ್ಛ ಕಿವಿರಿಗೆ 0, ಅರ್ಧಕ್ಕಿಂತ ಜಾಸ್ತಿ ಬಿಳಿ ಲೋಳೆ ಮುಚ್ಚಿದ್ದರೆ 5. ಮೀನು ಒದ್ದಾಡುವ ತನಕ ಕಾಯದೆ, ಅಂಕ ಏರುತ್ತಿದ್ದಂತೆಯೇ ಮದ್ದಿಗೆ ಇಳಿಯುತ್ತಾರೆ. ನಾನೂ ಈಗ 15 ದಿನಕ್ಕೊಮ್ಮೆ ಬೀಸುಬಲೆ ಹಾಕಿ ಹತ್ತು ಮೀನು ಹಿಡಿದು, ಕಿವಿರ ಮುಚ್ಚಳ ಎತ್ತಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಂಕ ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ.

ಮೊದಲು ಏನಿದೆ ಅಂತ ನೋಡಿ

ಸತ್ತು ತೇಲಿದ ಮೀನಿನ ಕಿವಿರು ನೋಡಿ ಪ್ರಯೋಜನವಿಲ್ಲ. ಅದು ಬಿಳಿಚಿರುತ್ತದೆ, ಹುಳವೂ ಬಿಟ್ಟು ಹೋಗಿರುತ್ತದೆ. ಜೀವ ಇರುವ, ಆದರೆ ಸೊರಗಿದ ಮೀನು ಬೇಕು. ಕಿವಿರಿನ ಚೂರು ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಹೊಂಡದ ಒಂದು ಹನಿ ನೀರಿನ ಜೊತೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ನೂರು ಪಟ್ಟು ದೊಡ್ಡದು ಮಾಡುವ ಸಾದಾ ಮೈಕ್ರೋಸ್ಕೋಪ್ ಸಾಕು. ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಖುಷಿಯಿಂದ ತೋರಿಸುತ್ತಾರೆ, ಹುಡುಗರಿಗೂ ಒಂದು ಪಾಠ ಆಗುತ್ತದೆ. ಇಲ್ಲದಿದ್ದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿ ಇದ್ದೇ ಇದೆ. ಮೀನನ್ನು ಹೊಂಡದ ನೀರಿನಲ್ಲೇ ಜೀವಂತ ಒಯ್ಯಿರಿ.

ತಟ್ಟೆಯ ಹಾಗೆ ದುಂಡಗಿದ್ದು ಗಿರಗಿರನೆ ತಿರುಗಿದರೆ ಅದು ಟ್ರೈಕೋಡಿನಾ. ಮರಿ ಸಾಕುವ ಹೊಂಡಗಳಲ್ಲಿ, ಮೀನು ಒತ್ತೊತ್ತಾಗಿ ಇರುವ ಕಡೆ ಇದರ ಹಾವಳಿ. ಉದ್ದಕ್ಕೆ ಜಿಗಣೆಯಂತೆ ಚಾಚಿ ಮುದುಡುತ್ತಿದ್ದು, ತಲೆಯಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಡ್ಯಾಕ್ಟಿಲೋಗೈರಸ್, ಅಂದರೆ ಕಿವಿರು ಹುಳ. ಕಿವಿರಿನ ಎಸಳಿನಲ್ಲೇ ಬಿಳಿ ಸಾಸಿವೆಯಂಥ ಗಂಟುಗಳು ಕೂತಿದ್ದರೆ ಅದು ಮಿಕ್ಸೋಸ್ಪೋರಿಡಿಯಾ ಜಾತಿಯದು. ಇದರ ಕಥೆ ಬೇರೆ, ಕೊನೆಗೆ ಹೇಳುತ್ತೇನೆ.

ಹುಳವೇ ಇಲ್ಲದಿರಬಹುದು ಅನ್ನುವುದನ್ನೂ ಮರೆಯಬೇಡಿ. ಕಿವಿರು ಕಂದು ಬಣ್ಣಕ್ಕೆ, ಚಾಕೊಲೇಟಿನ ಹಾಗೆ ತಿರುಗಿದ್ದರೆ ನೀರಿನಲ್ಲಿ ನೈಟ್ರೈಟ್ ಎಂಬ ವಿಷ ಏರಿದೆ. ಕಿವಿರು ಅಲ್ಲಲ್ಲಿ ಕೊಳೆತು ಉದುರುತ್ತಿದ್ದು, ಹೊಂಡಕ್ಕೆ ಸಗಣಿ ಗೊಬ್ಬರ ಜಾಸ್ತಿ ಬಿದ್ದಿದ್ದರೆ ಶಿಲೀಂಧ್ರದ ಕಿವಿರು ಕೊಳೆ ಇರಬಹುದು. ಆಗ ಗೊಬ್ಬರ, ಮೇವು ಎರಡನ್ನೂ ನಿಲ್ಲಿಸಿ ಹೊಸ ನೀರು ಬಿಡುವುದೇ ಮೊದಲ ಕೆಲಸ.

ಉಪ್ಪು: ಟಬ್ಬಿನಲ್ಲಿ ರಾಜ, ಹೊಂಡದಲ್ಲಿ ಬೇಡ

ನನ್ನ ಮೊದಲ ಮತ ಉಪ್ಪಿಗೆ. ಹರಳುಪ್ಪು ತನ್ನಿ. 100 ಲೀಟರ್ ನೀರಿಗೆ 3 ಕೆಜಿ ಹಾಕಿ ಪೂರ್ತಿ ಕರಗಿಸಿ. ಮೀನುಮರಿಗಳನ್ನು ಬಲೆಯ ಚೀಲದಲ್ಲೇ ಅದರಲ್ಲಿ ಅದ್ದಿ ಹಿಡಿಯಬೇಕು. ಅರ್ಧ ನಿಮಿಷದಿಂದ ಎರಡು ನಿಮಿಷ. ಗಡಿಯಾರಕ್ಕಿಂತ ಮರಿಗಳನ್ನೇ ನೋಡಿ. ಅಡ್ಡ ಮಲಗಲು ಶುರುವಾದ ಕೂಡಲೇ ಎತ್ತಿ ಒಳ್ಳೆ ನೀರಿಗೆ ಬಿಡಬೇಕು. ಮೊದಲು ಹತ್ತು ಮರಿ ಅದ್ದಿ, ಒಂದು ಗಂಟೆ ಬೇರೆ ಇಟ್ಟು, ಚೆನ್ನಾಗಿದ್ದರೆ ಮಾತ್ರ ಉಳಿದವು. ಅಷ್ಟು ಗಟ್ಟಿ ಬೇಡ ಅನಿಸಿದರೆ 100 ಲೀಟರಿಗೆ 1 ಕೆಜಿ ಹಾಕಿ, ಗಾಳಿ ಕೊಡುತ್ತಾ ಹತ್ತು ನಿಮಿಷ ಬಿಡಬಹುದು.

ಟ್ರೈಕೋಡಿನಾಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಿವಿರು ಹುಳವೂ ಬಹಳಷ್ಟು ಉದುರುತ್ತದೆ. ಗಾಯಗೊಂಡ ಮೀನಿನ ಮೈಯಿಂದ ಲವಣ ಸೋರಿಹೋಗುತ್ತಿರುತ್ತದೆ, ಹೊರಗೆ ತೆಳು ಉಪ್ಪು ಇದ್ದರೆ ಅದಕ್ಕೂ ಆಸರೆ. ಮರಿ ಸಾಗಿಸುವ ನೀರಿಗೆ ತೆಳ್ಳಗೆ ಉಪ್ಪು ಹಾಕುವುದು ಇದಕ್ಕೇ.

ಆದರೆ ಇದೇ ಉಪ್ಪನ್ನು ಹೊಂಡಕ್ಕೆ ಹಾಕುತ್ತೇನೆ ಅಂದರೆ? ಒಂದು ಎಕರೆ, ಐದು ಅಡಿ ನೀರು. ಸುಮಾರು 60 ಲಕ್ಷ ಲೀಟರ್ ಆಯಿತು. ಹುಳಕ್ಕೆ ತಟ್ಟುವಂತೆ ಲೀಟರಿಗೆ 3 ಗ್ರಾಂ ಹಾಕಬೇಕೆಂದರೆ 18 ಟನ್ ಉಪ್ಪು. ಐವತ್ತು ಕೆಜಿಯ 360 ಮೂಟೆ! ದುಡ್ಡಿನ ಮಾತು ಬಿಡಿ, ಆ ನೀರನ್ನು ಆಮೇಲೆ ಎಲ್ಲಿ ಬಿಡುತ್ತೀರಿ? ಪಕ್ಕದ ಭತ್ತದ ಗದ್ದೆಗಾ? ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ಸವಳು ಜವಳಾಗಿ ಕೆಟ್ಟ ಭೂಮಿ ಎಷ್ಟಿದೆ ಅಂತ ನಾವೇ ನೋಡುತ್ತಿದ್ದೇವೆ. ಅದಕ್ಕೆ ಕೈಯಾರೆ ಉಪ್ಪು ಸುರಿಯುವುದು ನೆರೆಯವರ ಜೊತೆ ಜಗಳಕ್ಕೆ ಒಳ್ಳೆ ದಾರಿ.

ಪೊಟ್ಯಾಷಿಯಂ ಪರ್ಮಾಂಗನೇಟ್: ಹೊಂಡಕ್ಕೆ ಹಾಕಲೇಬೇಕಾದರೆ

ಹೊಂಡದಲ್ಲೇ ಮದ್ದು ಮಾಡುವ ಪರಿಸ್ಥಿತಿ ಬಂದರೆ ನಾನು ಈ ನೇರಳೆ ಹರಳನ್ನು ಆರಿಸುತ್ತೇನೆ. ಟ್ರೈಕೋಡಿನಾ, ಕಿವಿರು ಹುಳ, ಕಿವಿರಿನ ಮೇಲಿನ ಬ್ಯಾಕ್ಟೀರಿಯಾ, ಇಷ್ಟಕ್ಕೂ ಸ್ವಲ್ಪ ಸ್ವಲ್ಪ ತಟ್ಟುತ್ತದೆ. ಸಾಮಾನ್ಯ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ. ಮೇಲಿನ ಹೊಂಡಕ್ಕೆ 12 ಕೆಜಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೊಂಡದಲ್ಲಿ ಸಗಣಿ, ಪಾಚಿ, ಕೆಸರು ಎಷ್ಟಿದೆಯೋ ಅಷ್ಟು ಮದ್ದನ್ನು ಅದೇ ತಿಂದುಹಾಕುತ್ತದೆ. ಹುಳಕ್ಕೆ ಉಳಿಯುವುದಿಲ್ಲ. ನೀರು 8ರಿಂದ 12 ಗಂಟೆ ಗುಲಾಬಿ ಬಣ್ಣದಲ್ಲೇ ಇದ್ದರೆ ಮದ್ದು ಕೆಲಸ ಮಾಡಿದೆ. ಎರಡೇ ಗಂಟೆಯಲ್ಲಿ ಚಹಾ ಬಣ್ಣಕ್ಕೆ ತಿರುಗಿದರೆ ಸುಮ್ನೆ ದುಡ್ಡು ಹೋಯಿತು. ಅದಕ್ಕೇ ಬೆಳಿಗ್ಗೆ ಹಾಕಬೇಕು, ಬಣ್ಣ ನೋಡಲು ಹಗಲು ಬೇಕಲ್ಲ.

ಮೊದಲೇ ಅಳೆಯುವ ಉಪಾಯವೂ ಇದೆ. 1 ಗ್ರಾಂ ಪರ್ಮಾಂಗನೇಟನ್ನು 1 ಲೀಟರ್ ಒಳ್ಳೆ ನೀರಿನಲ್ಲಿ ಕರಗಿಸಿ. ಇದರ 1 ಮಿಲಿಲೀಟರನ್ನು ಹೊಂಡದ 1 ಲೀಟರ್ ನೀರಿಗೆ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ ಆಯಿತು. ನಾಲ್ಕು ಬಾಟಲಿಯಲ್ಲಿ ಹೊಂಡದ ನೀರು ತುಂಬಿ 1, 2, 3, 4 ಮಿಲಿಲೀಟರ್ ಹಾಕಿ. ಸಿರಿಂಜ್ ಇದ್ದರೆ ಸಾಕು. 15 ನಿಮಿಷ ಬಿಟ್ಟು ನೋಡಿ. ಗುಲಾಬಿ ಉಳಿದಿರುವ ಬಾಟಲಿಗಳಲ್ಲಿ ಕಡಿಮೆ ಮದ್ದು ಯಾವುದಕ್ಕೆ ಹಾಕಿದ್ದಿರೋ ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಹೊಂಡದ ಪ್ರಮಾಣ ಸಿಗುತ್ತದೆ. ಎರಡನೇ ಬಾಟಲಿ ಎಂದಾದರೆ ಲೀಟರಿಗೆ 5 ಮಿಲಿಗ್ರಾಂ. ನಾಲ್ಕನೆಯದೂ ಕಂದಾಗಿದ್ದರೆ ಮದ್ದಿನ ಯೋಚನೆ ಬಿಟ್ಟು ನೀರು ಬದಲಾಯಿಸುವ ಯೋಚನೆ ಮಾಡಿ.

ನಮ್ಮ ಎರೆಮಣ್ಣಿನ ಹೊಂಡಗಳಿಗೆ ಇನ್ನೊಂದು ಎಚ್ಚರ. ಇಲ್ಲಿನ ನೀರು ಕ್ಷಾರದ ಕಡೆಗೆ ವಾಲುತ್ತದೆ. ಅಂಥ ನೀರಿನಲ್ಲಿ ಪರ್ಮಾಂಗನೇಟಿನ ಕಂದು ಗಸಿ ಕಿವಿರಿನ ಮೇಲೇ ಕೂರಬಹುದು. ಅಂದರೆ ಕಿವಿರು ರೋಗಕ್ಕೆ ಹಾಕಿದ್ದು ಕಿವಿರನ್ನೇ ಮುಚ್ಚಬಹುದು. ಹಾಗಾಗಿ ಒಮ್ಮೆ ಹಾಕಿದ ಮೇಲೆ ಮತ್ತೆ ನಾಳೆ, ನಾಡಿದ್ದು ಅಂತ ಸುರಿಯಬಾರದು. ಹಾಗೇ ಹರಳನ್ನು ಎರಚಬೇಡಿ, ತಳಕ್ಕೆ ಇಳಿದ ಹರಳನ್ನು ಮೃಗಾಲ್ ಬಾಯಿಗೆ ಹಾಕಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ ಎಲ್ಲ ಕಡೆ ಚಿಮುಕಿಸಿ.

ಫಾರ್ಮಾಲಿನ್: ನನ್ನ ಲೆಕ್ಕ ತಪ್ಪಿದ ಕಡೆ

ಹುಳ ಸಾಯಿಸುವುದರಲ್ಲಿ ಫಾರ್ಮಾಲಿನ್ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಟ್ರೈಕೋಡಿನಾ, ಕಿವಿರು ಹುಳ ಎರಡಕ್ಕೂ ಉಪ್ಪಿಗಿಂತ ನಿಖರ. ಆದರೆ ಲೀಟರಿಗೆ 5 ಮಿಲಿಗ್ರಾಂ ಫಾರ್ಮಾಲಿನ್ ಹಾಕಿದರೆ ನೀರಿನಿಂದ ಸುಮಾರು 1 ಮಿಲಿಗ್ರಾಂ ಆಮ್ಲಜನಕ ಹೋಗುತ್ತದೆ. ನಾನು ಹಾಕಿದ್ದು 25. ಹೋದದ್ದು 5. ನಮ್ಮ ಬೇಸಿಗೆಯ ಬಿಸಿ ನೀರು ಹಿಡಿದಿಟ್ಟುಕೊಳ್ಳುವುದೇ 7 ಮಿಲಿಗ್ರಾಂ ಆಸುಪಾಸು. ಉಳಿದ ಎರಡನ್ನು ರಾತ್ರಿಯಿಡೀ ಪಾಚಿ, ಮೀನು, ಕೆಸರು ಹಂಚಿಕೊಂಡವು. ಬೆಳಗಿನ ಜಾವಕ್ಕೆ ಏನೂ ಉಳಿಯಲಿಲ್ಲ. ಹುಳವೂ ಸತ್ತಿತ್ತು ಬಿಡಿ, ಆದರೆ ನೋಡಿ ಸಂತೋಷಪಡಲು ಮೀನೇ ಇರಲಿಲ್ಲ.

ಅದಕ್ಕೇ ನನ್ನ ತೀರ್ಪು: ಫಾರ್ಮಾಲಿನ್ ಹ್ಯಾಚರಿಯವರ, ಅಂದರೆ ಮೀನುಮರಿ ಮಾಡಿಸುವವರ ಮದ್ದು. ಸಿಮೆಂಟ್ ತೊಟ್ಟಿ ಇದ್ದು, ಏರಿಯೇಟರ್ ಓಡುತ್ತಿದ್ದು, ಯಾರೋ ಪಕ್ಕದಲ್ಲೇ ನಿಂತಿದ್ದರೆ ಸರಿ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಹೊಂಡಕ್ಕೆ ಅಲ್ಲ. ಕ್ಯಾನಿನ ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಮುಟ್ಟಬೇಡಿ, ಅದು ಮೀನಿಗೆ ಇನ್ನೂ ವಿಷ. ಮೂಗು, ಕಣ್ಣು ಉರಿಯುತ್ತದೆ, ಕೈಗವಸು ಬೇಕೇ ಬೇಕು. ಪರ್ಮಾಂಗನೇಟಿನ ಜೊತೆ ಇದನ್ನು ಎಂದೂ ಬೆರೆಸಬೇಡಿ, ಕುದಿದು ವಿಷದ ಗಾಳಿ ಏಳುತ್ತದೆ. ಒಂದೇ ಕಪಾಟಿನಲ್ಲೂ ಇಡಬೇಡಿ.

ಮಾರುಕಟ್ಟೆಯ ಮಾತೂ ಇದೆ. 2018ರಲ್ಲಿ ಗೋವಾದಲ್ಲಿ ಹೊರಗಿನಿಂದ ಬಂದ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆ ಅಂತ ದೊಡ್ಡ ಗಲಾಟೆಯೇ ಆಯಿತು. ಮೀನು ಕೆಡದಿರಲು ಹಾಕುವುದು ಬೇರೆ, ಹುಳಕ್ಕೆ ಹಾಕುವುದು ಬೇರೆ. ಆದರೆ ಹೊಂಡದ ದಡದಲ್ಲಿ ಖಾಲಿ ಕ್ಯಾನ್ ಕಂಡ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳುತ್ತಾ ಕೂರಲು ಆಗುತ್ತದಾ?

ಮೈಲುತುತ್ತ, ಬೇವು, ಸುಣ್ಣ

ಮೈಲುತುತ್ತ ಎಲ್ಲರ ಮನೆಯಲ್ಲೂ ಇರುತ್ತದೆ, ದಾಳಿಂಬೆ, ದ್ರಾಕ್ಷಿ ಬೆಳೆಯುವವರಿಗಂತೂ ಹೇಳಬೇಕಾಗಿಲ್ಲ. ಮೀನಿನ ಹೊಂಡಕ್ಕೆ ನಾನು ಬೇಡ ಅನ್ನುತ್ತೇನೆ. ಅದರ ಪ್ರಮಾಣ ನೀರಿನ ಕ್ಷಾರದ ಅಳತೆಯ ಮೇಲೆ ನಿಂತಿದೆ. ಕ್ಷಾರ ಕಡಿಮೆ ಇದ್ದರೆ ಮೀನು ಸಾಯುತ್ತದೆ, ತುಂಬ ಜಾಸ್ತಿ ಇದ್ದರೆ ಮದ್ದೇ ಕೆಲಸ ಮಾಡುವುದಿಲ್ಲ. ಪಾಚಿಯನ್ನಂತೂ ಒಟ್ಟಿಗೆ ಕೊಲ್ಲುತ್ತದೆ, ಕೊಳೆತ ಪಾಚಿ ಮತ್ತೆ ಆಮ್ಲಜನಕ ಎಳೆಯುತ್ತದೆ.

ಸುಣ್ಣವನ್ನು ಎಲ್ಲ ರೋಗಕ್ಕೂ ಎರಚುವ ರೂಢಿ ನಮ್ಮ ಕಡೆ ಇದೆ. ಮೀನಿರುವ ಕ್ಷಾರದ ನೀರಿಗೆ ಸುಣ್ಣ ಬಿದ್ದರೆ ಅಮೋನಿಯಾದ ವಿಷ ಏರುತ್ತದೆ, ಅದು ಕಿವಿರಿಗೇ ಪೆಟ್ಟು. ಖಾಲಿ ಹೊಂಡದ ತಳಕ್ಕೆ ಹಾಕಿ, ಅಲ್ಲಿ ಅದು ಬಂಗಾರ. ಬೇವಿನ ಸೊಪ್ಪನ್ನು ಮೂಟೆ ಕಟ್ಟಿ ನೀರಿಗೆ ಇಳಿಬಿಡುವವರಿದ್ದಾರೆ. ನಾನೂ ಬಿಟ್ಟಿದ್ದೇನೆ. ಮುಂದಿನ ಎಣಿಕೆಯಲ್ಲಿ ಹುಳದ ಅಂಕ ಇಳಿಯಲಿಲ್ಲ, ಅಷ್ಟೇ ಹೇಳಬಲ್ಲೆ.

ಎರಡನೇ ಸಲ ಹಾಕಬೇಕಾ?

ಇದು ಯಾವ ಹುಳ ಅನ್ನುವುದರ ಮೇಲೆ ಹೋಗುತ್ತದೆ. ಟ್ರೈಕೋಡಿನಾ ಎರಡಾಗಿ ಒಡೆದು ಬೆಳೆಯುತ್ತದೆ, ಮೊಟ್ಟೆ ಇಲ್ಲ. ಒಂದು ಸಲ ಸರಿಯಾಗಿ ಮಾಡಿದರೆ ಸಾಕಾಗಬಹುದು. ಡ್ಯಾಕ್ಟಿಲೋಗೈರಸ್ ಮೊಟ್ಟೆ ಇಡುತ್ತದೆ. ಉಪ್ಪು, ಫಾರ್ಮಾಲಿನ್ ಯಾವುದೂ ಮೊಟ್ಟೆಯನ್ನು ನೆಚ್ಚುವಷ್ಟು ಕೊಲ್ಲುವುದಿಲ್ಲ. ಇದಕ್ಕೆಂದೇ ಇರುವ ಪ್ರಾಜಿಕ್ವಾಂಟೆಲ್ ಎಂಬ ದುಬಾರಿ ಮದ್ದೂ ಅಷ್ಟೆ. ನಮ್ಮ ಬಿಸಿ ನೀರಿನಲ್ಲಿ ಮೊಟ್ಟೆ ಕೆಲವೇ ದಿನದಲ್ಲಿ ಒಡೆಯುತ್ತದೆ. ಹಾಗಾಗಿ ತೊಟ್ಟಿಯ ಮೀನಾದರೆ ಐದಾರು ದಿನ ಬಿಟ್ಟು ಮತ್ತೊಮ್ಮೆ ಅದ್ದಬೇಕು. "ಮದ್ದು ಕೆಲಸ ಮಾಡಲಿಲ್ಲ" ಅಂತ ಬೈಯುವವರಲ್ಲಿ ಬಹಳ ಜನ ಈ ಎರಡನೇ ಸಲ ಮಾಡಿರುವುದಿಲ್ಲ. ಹೊಂಡದ ಮೀನಿಗೆ ಪರ್ಮಾಂಗನೇಟ್ ಹಾಕಿದ್ದರೆ ಅಷ್ಟು ಬೇಗ ಬೇಡ. ವಾರ ಬಿಟ್ಟು ಕಿವಿರು ನೋಡಿ, ಅಂಕ ಏರಿದ್ದರೆ ಮಾತ್ರ.

ಮದ್ದು ಹಾಕಿದ ನೀರನ್ನು ಕಾಲುವೆಗೆ ಬಿಡಬೇಡಿ. ಎಡದಂಡೆ ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳಿವೆ. ನೀರು ಬದಲಾಯಿಸುವುದನ್ನು ನೆಚ್ಚಿಕೊಳ್ಳಲೂಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಕಾಲುವೆಗೆ ನೀರು ಬರುತ್ತದೋ ಇಲ್ಲವೋ ಅಂತ ಎಷ್ಟು ದಿನ ನಿದ್ದೆಗೆಟ್ಟೆವು ಅಂತ ನೆನಪಿದೆಯಲ್ಲ.

ಮದ್ದಿಲ್ಲದ ಗಂಟು

ಬಿಳಿ ಸಾಸಿವೆಯ ಗಂಟುಗಳ ಮಾತು ಉಳಿಯಿತು. ಕಾಟ್ಲಾ, ರೋಹು ಮರಿಗಳ ಕಿವಿರಲ್ಲಿ ಇದು ಸಾಮಾನ್ಯ. ಇಲ್ಲಿ ಹೋಲಿಕೆ ಮಾಡಲು ಏನೂ ಇಲ್ಲ, ಉಪ್ಪು, ಪರ್ಮಾಂಗನೇಟ್, ಫಾರ್ಮಾಲಿನ್ ಮೂರೂ ಸೋಲುತ್ತವೆ. ಜೀವಿ ಗಂಟಿನ ಒಳಗೆ ಕೂತಿರುತ್ತದೆ, ಹೊರಗಿನ ಮದ್ದು ತಲುಪುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ಇದಕ್ಕೆ ಬಾಟಲಿ ಕೊಟ್ಟರೆ ನಮಸ್ಕಾರ ಹೇಳಿ ಬನ್ನಿ.

ಈ ಜಾತಿಯ ಹಲವು ಜೀವಿಗಳಿಗೆ ಬೆಳೆಯಲು ಎರಡು ಮನೆ ಬೇಕು. ಒಂದು ಮೀನು, ಇನ್ನೊಂದು ಕೆಸರಿನಲ್ಲಿರುವ ಸಣ್ಣ ಕೆಂಪು ಹುಳ. ಮೀನಿನ ಕಡೆ ಮುಟ್ಟಲಾಗದು, ಕೆಸರಿನ ಕಡೆ ಮುಟ್ಟಬಹುದು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಹೊಂಡ ಪೂರ್ತಿ ಬತ್ತಿಸಿ, ಮೇಲಿನ ಕಪ್ಪು ಕೆಸರು ಎತ್ತಿ ಹೊಲಕ್ಕೆ ಹಾಕಿ. ನಮ್ಮ ಎರೆಮಣ್ಣು ಒಣಗಿದರೆ ಅಂಗೈ ಅಗಲದ ಬಿರುಕು ಬಿಡುತ್ತದೆ. ಆ ಬಿರುಕಿನ ಒಳಗೂ ಒದ್ದೆ ಇಲ್ಲ ಅಂತ ಕೋಲು ಇಳಿಸಿ ನೋಡಿ, ಆಮೇಲೆ ಸುಣ್ಣ ಹಾಕಿ. ನನ್ನ ಒಂದು ಹೊಂಡದ ಮೂಲೆಯಲ್ಲಿ ಬಸಿ ನೀರು ಬಂದು ಎರಡು ಮಂಚದಷ್ಟು ಜಾಗ ಎಂದೂ ಒಣಗುತ್ತಿರಲಿಲ್ಲ. ಹೋದ ಸಲ ಅಲ್ಲೇ ಗುದ್ದಲಿ ಹಾಕಿದರೆ ಕೆಂಪು ಹುಳ ಗೊಂಚಲು ಗೊಂಚಲು ಸಿಕ್ಕಿತು.